ಸಂಯೋಜಿತ ವಸ್ತುಗಳು: ವಿಧ, ಗುಣ ಮತ್ತು ಉಪಯೋಗ

(ಸಂಘದ ವಿದ್ಯಾರ್ಥಿ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದು ನಾನು ಮಾತನಾಡಬೇಕಾದ ವಿಷಯವನ್ನು ಇಂಗ್ಲಿಷಿನಲ್ಲಿ ಕಾಂಪೋಸಿಟ್ ಮೆಟೀರಿಯಲ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಸಂಯೋಜಿತ ವಸ್ತು ಎಂದು ಕರೆಯೋಣ. ಸಂಯುಕ್ತ ವಸ್ತು ಎನ್ನಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಆದರೆ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿ ಸಂಯುಕ್ತ ಎಂಬುದಕ್ಕೆ ಬೇರೆ ಅರ್ಥವಿದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾದಾಗ ಎರಡೂ ತಮ್ಮ ಮೊದಲಿನ ಗುಣವನ್ನು ಕಳೆದುಕೊಳ್ಳುತ್ತವೆ. ತಾಮ್ರ ಮತ್ತು ಸತು ಕರಗಿ ಹಿತ್ತಾಳೆಯಾದರೆ ಅದು ಮಿಶ್ರಲೋಹ. ಅಲ್ಲಿಯೂ ಯಾವುದು ತಾಮ್ರ, ಯಾವುದು ಸತು ಎಂದು ಬೇರೆ ಮಾಡಿ ತೋರಿಸಲಾಗದು. ಸಂಯೋಜಿತ ವಸ್ತುವಿನಲ್ಲಿ ಹಾಗಲ್ಲ. ಎರಡು ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಆದರೂ ಎರಡರಲ್ಲಿ ಯಾವುದಕ್ಕೂ ಒಂಟಿಯಾಗಿ ಇಲ್ಲದ ಗುಣ ಆ ಜೋಡಿಗೆ ಬರುತ್ತದೆ.

ಇದು ಹೊಸ ವಿದ್ಯೆ ಎಂದು ಭಾವಿಸಬೇಡಿ. ನಿಮ್ಮ ಅಜ್ಜಿಯರು ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದ ಜೊತೆ ಅರೆದು, ಪಾತ್ರೆಯ ಬೆನ್ನಿಗೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದುದನ್ನು ಕೆಲವರಾದರೂ ನೋಡಿರಬಹುದು. ಕಾಗದದ ನಾರು ಬಲ ಕೊಡುತ್ತದೆ, ಮೆಂತ್ಯದ ಲೋಳೆ ಹಿಡಿದು ನಿಲ್ಲಿಸುತ್ತದೆ. ಒಣಗಿದ ಮೆಂತ್ಯದ ಹಿಟ್ಟು ಒಂದೇ ಆದರೆ ಪುಡಿಯಾಗುತ್ತದೆ, ಕಾಗದ ಒಂದೇ ಆದರೆ ಮಡಚಿಕೊಳ್ಳುತ್ತದೆ. ಹಳ್ಳಿಯಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಹಾಕಿ ತುಳಿಯುವುದೂ ಇದೇ ಲೆಕ್ಕ. ಬರೀ ಮಣ್ಣು ಒಣಗುವಾಗ ಬಿರುಕು ಬಿಡುತ್ತದೆ. ಹುಲ್ಲಿದ್ದರೆ ಬಿರುಕು ಮುಂದೆ ಓಡದೆ ಅಲ್ಲೇ ನಿಲ್ಲುತ್ತದೆ. ಸೃಷ್ಟಿಯಲ್ಲಂತೂ ಇದು ಎಲ್ಲೆಲ್ಲೂ ಇದೆ. ಮರ, ಬಿದಿರು, ನಮ್ಮ ಮೂಳೆ, ಎಲ್ಲವೂ ನಾರು ಮತ್ತು ಅದನ್ನು ಹಿಡಿದಿರುವ ಇನ್ನೊಂದು ವಸ್ತುವಿನ ಜೋಡಣೆಯೇ.

ಹಿಡಿದು ನಿಲ್ಲಿಸುವ ವಸ್ತುವಿಗೆ ಮ್ಯಾಟ್ರಿಕ್ಸ್ ಎಂದೂ ಬಲ ಕೊಡುವ ವಸ್ತುವಿಗೆ ಬಲವರ್ಧಕ ಎಂದೂ ಹೆಸರು. ಇವೆರಡು ಪದ ನೆನಪಿಟ್ಟುಕೊಳ್ಳಿ. ಮೂರನೆಯದೊಂದಿದೆ, ಪರೀಕ್ಷೆಯಲ್ಲಿ ಅದನ್ನು ಅಷ್ಟಾಗಿ ಕೇಳುವುದಿಲ್ಲ, ಆದರೆ ಕೆಲಸದಲ್ಲಿ ಅದೇ ಮುಖ್ಯ: ಇವೆರಡೂ ಸೇರುವ ಮೇಲ್ಮೈ. ಅಲ್ಲಿ ಅಂಟು ಚೆನ್ನಾಗಿ ಹಿಡಿಯದಿದ್ದರೆ ಎಷ್ಟೇ ದುಬಾರಿ ನಾರು ಹಾಕಿದರೂ ಪ್ರಯೋಜನವಿಲ್ಲ.

ನಿಮ್ಮ ಮನೆಯ ತಾರಸಿಯನ್ನೇ ತೆಗೆದುಕೊಳ್ಳಿ. ಆರ್‌ಸಿಸಿ ಎಂಬುದು ಕಾಂಕ್ರೀಟ್ ಮತ್ತು ಕಬ್ಬಿಣದ ಕಂಬಿಯ ಸಂಯೋಜನೆ. 1867ರಲ್ಲಿ ಫ್ರಾನ್ಸಿನ ಜೋಸೆಫ್ ಮೋನಿಯೆ ಎಂಬ ತೋಟಗಾರ ಹೂಕುಂಡಗಳಿಗಾಗಿ ಇದರ ಪೇಟೆಂಟ್ ಪಡೆದಿದ್ದ. ಕಾಂಕ್ರೀಟನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಬೇಗ ಸೀಳುತ್ತದೆ. ಎಳೆತವನ್ನು ಕಂಬಿ ತಡೆಯಬೇಕು. ಬಿಸಿಲಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ; ಹಾಗಿರದಿದ್ದರೆ ಒಂದೇ ಬೇಸಿಗೆಯಲ್ಲಿ ಕಂಬಿ ಬಿಟ್ಟುಕೊಳ್ಳುತ್ತಿತ್ತು. ಎರಡೂ ಕಡೆ ಗೋಡೆಯ ಮೇಲೆ ಕೂತ ತೊಲೆಯ ಮೇಲೆ ಭಾರ ಬಿದ್ದಾಗ ಅದರ ಕೆಳಭಾಗ ಎಳೆತಕ್ಕೆ ಸಿಗುತ್ತದೆ, ಆದ್ದರಿಂದ ಅಲ್ಲಿ ಕಂಬಿ ಕೆಳಗಿರಬೇಕು. ಕಿಟಕಿಯ ಮೇಲೆ ಹೊರಚಾಚಿದ ಸಜ್ಜಾ ತೆಗೆದುಕೊಳ್ಳಿ. ಅದು ಒಂದೇ ಕಡೆ ಹಿಡಿತವಿರುವುದರಿಂದ ಎಳೆತ ಬರುವುದು ಮೇಲ್ಭಾಗದಲ್ಲಿ. ಅಲ್ಲಿ ಮುಖ್ಯ ಕಂಬಿ ಮೇಲಿರಬೇಕು. ಕಾಂಕ್ರೀಟ್ ಸುರಿಯುವಾಗ ಮೇಲೆ ಕಟ್ಟಿದ ಕಂಬಿಯನ್ನು ಕೂಲಿಯವರು ತುಳಿದು ಕೆಳಗಿಳಿಸಿದರೆ, ಅದೇ ಸಿಮೆಂಟು, ಅದೇ ಕಂಬಿ, ಅದೇ ಖರ್ಚು, ಆದರೂ ಸೆಂಟ್ರಿಂಗ್ ಬಿಚ್ಚಿದ ದಿನ ಸಜ್ಜಾ ಕಳಚಿ ಬೀಳಬಹುದು. ವಸ್ತು ಯಾವುದು ಎನ್ನುವಷ್ಟೇ, ಬಲವರ್ಧಕ ಎಲ್ಲಿದೆ, ಯಾವ ದಿಕ್ಕಿಗಿದೆ ಎನ್ನುವುದೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ವಿಧಗಳಿಗೆ ಬರೋಣ. ಬಲವರ್ಧಕದ ಆಕಾರ ನೋಡಿ ಮೂರು ಗುಂಪು ಮಾಡುತ್ತಾರೆ: ಕಣಗಳಿರುವುದು, ನಾರುಗಳಿರುವುದು, ಪದರಗಳಿರುವುದು. ಕಣಗಳಿರುವುದಕ್ಕೆ ಪೀಣ್ಯದ ಯಾವ ಲೇತ್ ಶೆಡ್ಡಿಗೆ ಹೋದರೂ ಉದಾಹರಣೆ ಸಿಗುತ್ತದೆ. ಉಕ್ಕನ್ನು ಬೆಣ್ಣೆಯಂತೆ ಕತ್ತರಿಸುವ ಕಾರ್ಬೈಡ್ ಟಿಪ್ ಇದೆಯಲ್ಲ, ಅದು ಟಂಗ್‌ಸ್ಟನ್ ಕಾರ್ಬೈಡಿನ ಗಡಸು ಕಣಗಳನ್ನು ಕೋಬಾಲ್ಟ್ ಲೋಹ ಹಿಡಿದಿಟ್ಟಿರುವ ಸಂಯೋಜಿತ ವಸ್ತು. ಗ್ರೈಂಡಿಂಗ್ ವೀಲ್ ಕೂಡ ಹಾಗೆಯೇ. ಮ್ಯಾಟ್ರಿಕ್ಸ್ ನೋಡಿ ಮಾಡುವ ವಿಂಗಡಣೆ ಇನ್ನೊಂದು: ಪಾಲಿಮರ್, ಲೋಹ, ಪಿಂಗಾಣಿ ಜಾತಿಯ ವಸ್ತು. ಲೋಹದಲ್ಲಿ ಅಲ್ಯೂಮಿನಿಯಂಗೆ ಸಿಲಿಕಾನ್ ಕಾರ್ಬೈಡ್ ಕಣ ಸೇರಿಸುವುದು ಪ್ರಸಿದ್ಧ. ಅತಿ ಶಾಖದ ಜಾಗಕ್ಕೆ ಕಾರ್ಬನ್ ನಾರನ್ನು ಕಾರ್ಬನ್ನಿನಲ್ಲೇ ಹುದುಗಿಸಿದ ವಸ್ತುವಿದೆ. ವಿಮಾನದ ಬ್ರೇಕಿಗೆ, ಕ್ಷಿಪಣಿಯ ಮೂತಿಗೆ ಅದು ಬೇಕು. ನಮ್ಮ ದಿನನಿತ್ಯಕ್ಕೆ ಹೆಚ್ಚು ಸಂಬಂಧಿಸಿದ್ದು ಪಾಲಿಮರ್ ಮ್ಯಾಟ್ರಿಕ್ಸಿನವು, ಜನ ಸುಮ್ಮನೆ ಫೈಬರ್ ಎನ್ನುವ ವಸ್ತುಗಳು. ಒಂದು ಮಾತು ಹೇಳಿಬಿಡುತ್ತೇನೆ: ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕು ಸಾಮಾನ್ಯವಾಗಿ ಬರೀ ಪ್ಲಾಸ್ಟಿಕ್, ಸಂಯೋಜಿತ ವಸ್ತುವಲ್ಲ. ಅದನ್ನು ಫೈಬರ್ ಎಂದು ಕರೆದು ಮಾರಿದರೆ ನೀವು ಕೇಳಿ ತಿಳಿದುಕೊಳ್ಳಬೇಕು.

ನಾರು ಏಕೆ ಅಷ್ಟು ಗಟ್ಟಿ? ಕಿಟಕಿಯ ಗಾಜು ಕೈಜಾರಿದರೆ ಚೂರಾಗುತ್ತದೆ. ಅದೇ ಗಾಜನ್ನು ಕರಗಿಸಿ ತಲೆಕೂದಲಿನ ಐದಾರರಲ್ಲಿ ಒಂದು ಪಾಲು ದಪ್ಪದ ಎಳೆಯಾಗಿ ಎಳೆದರೆ, ಆಗತಾನೆ ಎಳೆದ ಎಳೆಯ ಬಲ ಮೆದು ಉಕ್ಕಿನ ಏಳೆಂಟು ಪಟ್ಟು ಇರುತ್ತದೆ. ಇದರ ಗುಟ್ಟನ್ನು ಬಿಡಿಸಿದವರು ಇಂಗ್ಲೆಂಡಿನ ಗ್ರಿಫಿತ್, 1920ರ ಸುಮಾರಿಗೆ. ಗಾಜು ಒಡೆಯುವುದು ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿಂದ. ಎಳೆ ತೆಳುವಾದಷ್ಟೂ ದೊಡ್ಡ ಬಿರುಕಿಗೆ ಜಾಗವೇ ಇರುವುದಿಲ್ಲ. ಆದರೆ ಎಳೆ ಒಂದೇ ಇದ್ದರೆ ಅದರಿಂದ ಏನು ಕಟ್ಟುವುದು? ಸಾವಿರಾರು ಎಳೆಗಳನ್ನು ರೆಸಿನ್ನಿನಲ್ಲಿ ಅದ್ದಿ ಗಟ್ಟಿ ಮಾಡಿದಾಗ, ಒಂದು ಎಳೆ ತುಂಡಾದರೂ ಅದರ ಭಾರವನ್ನು ರೆಸಿನ್ ಪಕ್ಕದ ಎಳೆಗಳಿಗೆ ದಾಟಿಸುತ್ತದೆ.

ಗುಣಗಳ ವಿಷಯದಲ್ಲಿ ಮೊದಲು ತೂಕ. ಒಂದು ಲೀಟರ್ ಗಾತ್ರದ ಉಕ್ಕಿನ ಗಟ್ಟಿ 7.8 ಕಿಲೋ ತೂಗುತ್ತದೆ, ಅಲ್ಯೂಮಿನಿಯಂ 2.7 ಕಿಲೋ. ಅಷ್ಟೇ ಗಾತ್ರದ ಗಾಜುನಾರಿನ ಸಂಯೋಜಿತ ವಸ್ತು ಎರಡು ಕಿಲೋ ಆಸುಪಾಸು, ಕಾರ್ಬನ್ ನಾರಿನದು ಸುಮಾರು 1.6 ಕಿಲೋ. ತುಕ್ಕು ಹಿಡಿಯುವುದಿಲ್ಲ. ಗಾಜುನಾರಿನದಾದರೆ ವಿದ್ಯುತ್ ಹರಿಯುವುದಿಲ್ಲ. ಕಾರ್ಬನ್ನಿನಲ್ಲಿ ಹರಿಯುತ್ತದೆ, ಮರೆಯಬೇಡಿ. ಬೇಕಾದ ಆಕಾರಕ್ಕೆ ಒಂದೇ ತುಂಡಾಗಿ ಅಚ್ಚು ಹಾಕಬಹುದು. ಇದಿಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ಪುಸ್ತಕ ಓದುವಾಗ ಮಕ್ಕಳು ಹಾರಿಸಿಬಿಡುವ ಗುಣ ದಿಕ್ಕಿನದು. ಎಲ್ಲ ನಾರೂ ಒಂದೇ ಕಡೆಗಿರುವ ಕಾರ್ಬನ್ ಪಟ್ಟಿಯನ್ನು ನಾರಿನ ಉದ್ದಕ್ಕೆ ಎಳೆದಾಗ ಇರುವ ಬಲದ ಮೂವತ್ತರಲ್ಲಿ ಒಂದು ಪಾಲೂ ಅಡ್ಡಕ್ಕೆ ಎಳೆದಾಗ ಇರುವುದು ಕಷ್ಟ. ಉಕ್ಕಿನ ತಗಡಿಗೆ ಇಂಥ ಭೇದವಿಲ್ಲ. ಅದಕ್ಕೇ ವಿಮಾನದ ರೆಕ್ಕೆಯಲ್ಲಿ ಒಂದು ಪದರ ನೇರ, ಒಂದು ಅಡ್ಡ, ಒಂದು ಓರೆ ಎಂದು ಲೆಕ್ಕ ಹಾಕಿ ಜೋಡಿಸುತ್ತಾರೆ.

ಪದರ ಜೋಡಿಸುವ ಈ ವಿದ್ಯೆಯನ್ನು ನೋಡಲು ವಿಮಾನದವರೆಗೆ ಹೋಗಬೇಕಿಲ್ಲ. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಹೋದರೆ ಪ್ಲೈವುಡ್ ಸಂಶೋಧನಾ ಸಂಸ್ಥೆಯ ಆವರಣ ಸಿಗುತ್ತದೆ. 1962ರಲ್ಲಿ ಶುರುವಾದ ಈ ಸಂಸ್ಥೆಯನ್ನು ಇಪಿರ್ಟಿ ಎಂದು ಕರೆಯುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು ಭಾರತೀಯ ಅರಣ್ಯ ಸಂಶೋಧನಾ ಪರಿಷತ್ತಿನಲ್ಲಿ ವಿಲೀನವಾಗಿದೆ. ಮರದ ತೆಳು ಹಾಳೆಗಳನ್ನು ಒಂದರ ನಾರು ಇನ್ನೊಂದಕ್ಕೆ ಅಡ್ಡವಾಗುವಂತೆ, ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ ಅಂಟಿಸಿದರೆ ಪ್ಲೈವುಡ್. ಒಂದು ಹಾಳೆ ತೇವಕ್ಕೆ ಹಿಗ್ಗಲು ಹೊರಟರೆ ಪಕ್ಕದ್ದು ತಡೆಯುತ್ತದೆ. ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ಹಲಗೆಗಳ ಬೆಲೆ ಬೇರೆ ಇರುವುದಕ್ಕೆ ಹೆಚ್ಚಾಗಿ ಅಂಟೇ ಕಾರಣ. ಯೂರಿಯಾ ಜಾತಿಯ ಅಂಟು ಒಣ ಜಾಗಕ್ಕೆ ಸರಿ. ಅಡುಗೆಮನೆಯ ಸಿಂಕಿನ ಕೆಳಗೆ ಅದು ಬಿಟ್ಟುಕೊಳ್ಳುತ್ತದೆ. ನೀರಿರುವ ಜಾಗಕ್ಕೆ ಫೀನಾಲ್ ಜಾತಿಯ ಅಂಟಿರುವ ಹಲಗೆ ಕೇಳಬೇಕು. ಬೋಟಿಗೆ ಬಳಸುವ ಮೆರೈನ್ ಪ್ಲೈಗೆ ಐಎಸ್ 710 ಎಂಬ ಗುರುತಿರುತ್ತದೆ, ಸಾಮಾನ್ಯ ಪ್ಲೈಗೆ ಐಎಸ್ 303.

ಅದೇ ಸಂಸ್ಥೆಯಲ್ಲಿ ಬಿದಿರಿನ ಚಾಪೆಗಳನ್ನು ರೆಸಿನ್ನಿನಲ್ಲಿ ಅದ್ದಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಅಲೆಯಲೆಯಾದ ಛಾವಣಿ ಶೀಟು ಮಾಡುವ ವಿಧಾನವನ್ನು ರೂಪಿಸಿದರು. ಇದರ ಬೆಲೆ ತಿಳಿಯಬೇಕಾದರೆ ಆಸ್‌ಬೆಸ್ಟಾಸ್ ಶೀಟನ್ನು ನೆನೆಯಬೇಕು. ಅದೂ ಸಂಯೋಜಿತ ವಸ್ತುವೇ, ಸಿಮೆಂಟಿನಲ್ಲಿ ಆಸ್‌ಬೆಸ್ಟಾಸ್ ನಾರು. ಅಗ್ಗ, ಬಾಳಿಕೆಯದು, ಆದರೆ ಕತ್ತರಿಸುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷದ ನಂತರ ಕ್ಯಾನ್ಸರ್ ತರಬಲ್ಲದು. ಬಿದಿರಿನ ಶೀಟಿಗೆ ಆ ಭಯವಿಲ್ಲ, ಜೊತೆಗೆ ಚಾಪೆ ಹೆಣೆಯುವ ಕೂಲಿ ಹಳ್ಳಿಯ ಹೆಂಗಸರ ಕೈಗೆ ಬರುತ್ತದೆ. ಇಷ್ಟಾಗಿಯೂ ನಮ್ಮ ಬಡಾವಣೆಗಳ ಶೆಡ್ಡುಗಳ ಮೇಲೆ ಬಿದಿರಿನ ಶೀಟು ಕಾಣುವುದು ಅಪರೂಪ. ಒಳ್ಳೆಯ ಸಂಶೋಧನೆ ಮುಗಿದರೆ ಸಾಲದು, ಅದು ಅಂಗಡಿಗೂ ಬರಬೇಕು.

ಯಶವಂತಪುರದಿಂದ ಇತ್ತ ಸದಾಶಿವನಗರದ ಕಡೆ ಬಂದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, 1960ರದು. ಹೈಟೆನ್ಷನ್ ತಂತಿಯನ್ನು ಕಂಬದಿಂದ ಬೇರ್ಪಡಿಸುವ ಇನ್ಸುಲೇಟರ್‌ಗಳನ್ನು ಅಲ್ಲಿ ಪರೀಕ್ಷೆ ಮಾಡುತ್ತಾರೆ. ಹಿಂದೆಲ್ಲ ಅವು ಪಿಂಗಾಣಿಯವು. ಭಾರ, ಕಲ್ಲೇಟಿಗೆ ಒಡೆಯುತ್ತಿದ್ದವು. ಈಗ ಬಹಳ ಕಡೆ ಒಳಗೆ ಗಾಜುನಾರಿನ ಸರಳು, ಹೊರಗೆ ಸಿಲಿಕೋನ್ ರಬ್ಬರಿನ ಛತ್ರಿಗಳಿರುವ ಇನ್ಸುಲೇಟರ್ ಬಂದಿದೆ. ಮಳೆ ನೀರು ಅದರ ಮೇಲೆ ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಜಾರುತ್ತದೆ. ಅದರ ದೌರ್ಬಲ್ಯವೂ ಪಾಠವೇ: ರಬ್ಬರು ಎಲ್ಲೋ ಒಂದು ಕಡೆ ಸೀಳಿ ತೇವ ಒಳಗಿಳಿದರೆ, ಹೊರಗೆ ಏನೂ ಕಾಣದೆ ಒಳಗಿನ ಸರಳು ಒಂದು ದಿನ ತುಂಡಾಗುತ್ತದೆ.

ಯಲಹಂಕದ ಹೆಸರು ಕೇಳಿದರೆ ನಿಮಗೆ ಏರೋ ಇಂಡಿಯಾ ನೆನಪಾಗುತ್ತದೆ. 1996ರಿಂದ ಅಲ್ಲಿನ ವಾಯುನೆಲೆಯಲ್ಲಿ ನಡೆಯುವ ಈ ಪ್ರದರ್ಶನದ ದಿನಗಳಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಆಕಾಶ ನೋಡುವವರು ಎಷ್ಟೊಂದು ಜನ. ಅಲ್ಲಿ ಹಾರುವ ನಮ್ಮ ತೇಜಸ್ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಲ್ಲೇ. ಅದರ ಕಾಯದ ತೂಕದಲ್ಲಿ ಸುಮಾರು 45 ಪ್ರತಿಶತ ಸಂಯೋಜಿತ ವಸ್ತು, ಹೆಚ್ಚಾಗಿ ಕಾರ್ಬನ್ ನಾರಿನದು. ಅದರ ರೆಕ್ಕೆಯ ಕೆಲಸದಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಮುಖ್ಯ ಪಾತ್ರ ವಹಿಸಿತು. ಅದೇ ಪ್ರಯೋಗಾಲಯ ಅದಕ್ಕೂ ಮುಂಚೆ, 1993ರಲ್ಲಿ, ಹಂಸ ಎಂಬ ಎರಡು ಆಸನದ ತರಬೇತಿ ವಿಮಾನವನ್ನು ಸಂಯೋಜಿತ ವಸ್ತುವಿನಿಂದಲೇ ಕಟ್ಟಿ ಹಾರಿಸಿತ್ತು.

ಇಂಥ ಭಾಗ ತಯಾರಾಗುವ ರೀತಿ ಹೇಳುತ್ತೇನೆ. ಅರೆಗಟ್ಟಿ ರೆಸಿನ್ ಸವರಿದ ನಾರಿನ ಬಟ್ಟೆಯನ್ನು ಶೀತಲ ಪೆಟ್ಟಿಗೆಯಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ಹೊರತೆಗೆದು, ಧೂಳಿಲ್ಲದ ಕೋಣೆಯಲ್ಲಿ, ಕೈಗವಸು ಹಾಕಿ, ಒಂದೊಂದು ಪದರವನ್ನೂ ನಿಗದಿಯಾದ ಕೋನಕ್ಕೆ ಅಚ್ಚಿನ ಮೇಲೆ ಹಾಸುತ್ತಾರೆ. ಮೇಲೆ ಚೀಲ ಮುಚ್ಚಿ ಒಳಗಿನ ಗಾಳಿ ಎಳೆಯುತ್ತಾರೆ. ಆಮೇಲೆ ಆಟೊಕ್ಲೇವ್ ಎಂಬ ಯಂತ್ರದಲ್ಲಿ, ಮನೆಗಾತ್ರದ ಪ್ರೆಶರ್ ಕುಕ್ಕರ್ ಎಂದುಕೊಳ್ಳಿ, ಸುಮಾರು 180 ಡಿಗ್ರಿ ಶಾಖ ಮತ್ತು ವಾತಾವರಣದ ಆರೇಳು ಪಟ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಉಕ್ಕಿನ ತಗಡು ಕಾರ್ಖಾನೆಯಲ್ಲಿ ಮೊದಲೇ ತಯಾರಾಗಿ, ಪರೀಕ್ಷೆ ಮುಗಿಸಿ ನಿಮ್ಮ ಕೈಗೆ ಬಂದಿರುತ್ತದೆ. ನೀವು ಕತ್ತರಿಸಿ, ಬಾಗಿಸಿ, ಬೆಸೆಯುತ್ತೀರಿ. ಸಂಯೋಜಿತ ವಸ್ತು ಹಾಗೆ ಅಂಗಡಿಯಲ್ಲಿ ಇರುವುದಿಲ್ಲ. ನಾರು ಒಂದು ಡಬ್ಬದಲ್ಲಿ, ರೆಸಿನ್ ಇನ್ನೊಂದು ಡಬ್ಬದಲ್ಲಿ. ವಸ್ತು ಮತ್ತು ಅದರಿಂದಾಗುವ ಸಾಮಾನು ಎರಡೂ ಒಂದೇ ದಿನ, ಒಬ್ಬನೇ ಕೆಲಸಗಾರನ ಕೈಯಲ್ಲಿ ಹುಟ್ಟುತ್ತವೆ. ಆ ದಿನ ಅವನು ಪದರದ ಕೋನ ತಪ್ಪಿಸಿದರೆ, ಗಾಳಿಗುಳ್ಳೆ ಬಿಟ್ಟರೆ, ಆ ವಸ್ತುವೇ ಕೆಟ್ಟಂತೆ. ಮೇಲೆ ಬಣ್ಣ ಹೊಡೆದ ಮೇಲೆ ಯಾರಿಗೂ ಕಾಣುವುದಿಲ್ಲ.

2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೋದ ಟೈಟನ್ ಎಂಬ ಮುಳುಗುನೌಕೆ ಸಮುದ್ರದಾಳದಲ್ಲಿ ಕುಸಿದು ಐವರು ಸತ್ತರು. ಅದರ ಕೊಳವೆ ಕಾರ್ಬನ್ ನಾರಿನದು. ಎಳೆತಕ್ಕೆ ಹೆಸರಾದ ನಾರನ್ನು ಅಲ್ಲಿ ಹೊರಗಿನ ಒತ್ತಡ ತಡೆಯಲು ಬಳಸಿದ್ದರು. ತನಿಖೆಯಲ್ಲಿ ಪದರಗಳ ನಡುವೆ ಸುಕ್ಕು, ಟೊಳ್ಳು ಇದ್ದುದು ಹೊರಬಂತು. ಹಿಂದಿನ ವರ್ಷ ಒಂದು ಸಲ ಮುಳುಗಿ ಮೇಲೆ ಬರುವಾಗ ದೊಡ್ಡ ಸದ್ದು ಕೇಳಿತ್ತು. ಪದರ ಬಿಟ್ಟುಕೊಂಡದ್ದರ ಸೂಚನೆ ಅದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೆ ಇಳಿಸಿದರು. ಲೋಹವಾದರೆ ಬಾಗಿ, ನೆಗ್ಗಿ ಮುನ್ಸೂಚನೆ ಕೊಡುವುದುಂಟು. ಈ ವಸ್ತು ನೆಗ್ಗುವುದಿಲ್ಲ. ವಿಮಾನದ ರೆಕ್ಕೆಯ ಮೇಲೆ ಸ್ಪ್ಯಾನರ್ ಬಿದ್ದರೆ ಮೇಲೆ ಗುರುತೂ ಇಲ್ಲದೆ ಒಳಗೆ ಪದರ ಬಿಟ್ಟಿರಬಹುದು. ಆದ್ದರಿಂದ ಅಲ್ಟ್ರಾಸೌಂಡ್ ಹಾಯಿಸಿ ನೋಡುತ್ತಾರೆ. ಅದಕ್ಕೂ ಮೊದಲು ನಾಣ್ಯದಿಂದ ತಟ್ಟಿ ಸದ್ದು ಕೇಳುವ ವಿಧಾನ ಇಂದಿಗೂ ಇದೆ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟ ಜಾಗ ಮಂಕಾಗಿ ಡಬ್ ಎನ್ನುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಈಗ ನಮ್ಮ ಹುಡುಗರು ದುಡಿಯುವ ಜಾಗಕ್ಕೆ ಬರುತ್ತೇನೆ. ಬಸ್ಸಿನ ಬಾನೆಟ್, ಆಟೊದ ಬಿಡಿಭಾಗ, ಅಂಗಡಿಯ ಬೋರ್ಡು, ಬಚ್ಚಲಿನ ಬಾಗಿಲು, ಮಕ್ಕಳ ಜಾರುಬಂಡೆ ಮಾಡುವ ಫೈಬರ್ ಶೆಡ್ಡುಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಆಟೊಕ್ಲೇವ್ ಇಲ್ಲ. ಅಚ್ಚಿಗೆ ವ್ಯಾಕ್ಸ್, ಮೇಲೆ ಜೆಲ್ ಕೋಟ್, ಆಮೇಲೆ ಗಾಜಿನ ಮ್ಯಾಟ್, ಅದರ ಮೇಲೆ ಬ್ರಷ್ಷಿನಿಂದ ರೆಸಿನ್, ರೋಲರ್‌ನಿಂದ ಗಾಳಿ ತೆಗೆಯುವುದು. ಉಸ್ತಾದರು ಹಾರ್ಡನರನ್ನು ಕಣ್ಣಳತೆಯಲ್ಲಿ ಹಾಕುತ್ತಾರೆ. ಅವರ ಕೈ ಪಳಗಿದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರು ಗ್ರಾಂ ರೆಸಿನ್ನಿಗೆ ಒಂದೆರಡು ಗ್ರಾಂ ಸಾಕಾಗುವ ಕಡೆ ಕೈ ಜೋರಾದರೆ ರೆಸಿನ್ ಕುದಿದಂತಾಗಿ ಸೀಳುತ್ತದೆ, ಕಡಿಮೆಯಾದರೆ ವಾರ ಕಳೆದರೂ ಅಂಟಂಟು. ಹವೆ ತಣ್ಣಗಿರುವ ಡಿಸೆಂಬರಿನ ಅಳತೆ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ಇನ್ನೂರು ಗ್ರಾಂ ತೂಗುವ ಸಣ್ಣ ತಕ್ಕಡಿ ಮತ್ತು ಒಂದು ನೋಟ್‌ಬುಕ್ಕು ಇದ್ದರೆ ಅರ್ಧ ನಷ್ಟ ತಪ್ಪುತ್ತದೆ.

ಅಪಾಯದ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಕೆಲವರ ತಮ್ಮಂದಿರು ಅಲ್ಲಿ ಕೆಲಸಕ್ಕಿದ್ದಾರೆ. ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದೇ ಡಬ್ಬಿಯಲ್ಲಿ ಎಂದಿಗೂ ಬೆರೆಸಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ನಂತರವೇ ಇನ್ನೊಂದು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಬೇಕು, ಸಿಡಿದರೆ ತಡಮಾಡದೆ ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೆಸಿನ್ನಿನ ಘಾಟು ವಾಸನೆ ಸ್ಟೈರೀನ್‌ನದು, ಮುಚ್ಚಿದ ಶೆಡ್ಡಿನಲ್ಲಿ ತಲೆನೋವು, ತಲೆಸುತ್ತು ಬರುವುದು ಅದರಿಂದಲೇ. ಕರವಸ್ತ್ರ ಕಟ್ಟಿಕೊಂಡರೆ ಉಜ್ಜುವಾಗಿನ ಧೂಳಾಗಲಿ ಈ ಆವಿಯಾಗಲಿ ನಿಲ್ಲುವುದಿಲ್ಲ. ಕೈಗೆ ಹತ್ತಿದ ರೆಸಿನ್ನನ್ನು ಥಿನ್ನರ್ ಹಾಕಿ ಉಜ್ಜುವುದು ಎಲ್ಲ ಕಡೆ ರೂಢಿ. ಅದು ರೆಸಿನ್ನನ್ನು ಚರ್ಮದೊಳಕ್ಕೇ ಇಳಿಸುತ್ತದೆ. ಕೈಗವಸು ಹಾಕಿ, ಹತ್ತಿದರೆ ಸೋಪು ಬಳಸಿ.

ಈ ವಸ್ತುಗಳನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರ ಹೆಸರು ಬಿಡುವಂತಿಲ್ಲ. ಅವರು ಯೋಜನಾ ನಿರ್ದೇಶಕರಾಗಿದ್ದ ಎಸ್‌ಎಲ್‌ವಿ-3 ರಾಕೆಟ್ 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದರ ಮೇಲಿನ ಹಂತಗಳ ಮೋಟಾರು ಕವಚ ನಾರು ಬಲವರ್ಧಿತ ಪ್ಲಾಸ್ಟಿಕ್‌ನದು. ಮುಂದೆ ಹೈದರಾಬಾದಿನಲ್ಲಿ ಕ್ಷಿಪಣಿಯ ಕೆಲಸದಲ್ಲಿದ್ದಾಗ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ವೈದ್ಯರ ಮೂಲಕ ಅವರಿಗೆ ಪೋಲಿಯೋ ಪೀಡಿತ ಮಕ್ಕಳ ಪರಿಚಯವಾಯಿತು. ಆ ಮಕ್ಕಳು ಸುಮಾರು ಮೂರು ಕಿಲೋ ತೂಕದ ಲೋಹದ ಕ್ಯಾಲಿಪರ್ ಕಟ್ಟಿಕೊಂಡು ಕಾಲೆಳೆಯುತ್ತಿದ್ದರು. ಕ್ಷಿಪಣಿಗೆಂದು ಕಲಿತ ವಿದ್ಯೆಯಿಂದ 300 ಗ್ರಾಂ ತೂಕದ ಕ್ಯಾಲಿಪರ್ ತಯಾರಾಯಿತು. ತಮಗೆ ಅತ್ಯಂತ ಸಂತೋಷ ಕೊಟ್ಟ ಕೆಲಸಗಳಲ್ಲಿ ಇದೊಂದು ಎಂದು ಅವರು ಹಲವು ಭಾಷಣಗಳಲ್ಲಿ ಹೇಳಿದ್ದರು.

ಓದಿನ ಬಗ್ಗೆ ಎರಡು ಮಾತು. ವಿಮಾನದ ಕೆಲಸಕ್ಕೆ ಏರೋನಾಟಿಕಲ್ ಇಂಜಿನಿಯರಿಂಗೇ ಆಗಬೇಕು ಎಂಬ ಕಲ್ಪನೆ ಇದೆ. ಮೆಕ್ಯಾನಿಕಲ್ ಓದಿದವರು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರು, ಪಾಲಿಮರ್ ಓದಿದವರು, ಐಟಿಐ ಮುಗಿಸಿ ಕೈಕೆಲಸ ಕಲಿತವರು ಎಲ್ಲರಿಗೂ ಇಲ್ಲಿ ಜಾಗವಿದೆ. ಮೈಸೂರಿನ ಸಿಪೆಟ್ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇದೆ. ದೇವನಹಳ್ಳಿಯ ಕಡೆ ವಿಮಾನ ಬಿಡಿಭಾಗಗಳ ಕಾರ್ಖಾನೆಗಳು ಬಂದಿವೆ, ಬೋಯಿಂಗ್ ಕಂಪನಿ 2024ರ ಜನವರಿಯಲ್ಲಿ ಅಲ್ಲಿಯೇ ತನ್ನ ದೊಡ್ಡ ಕೇಂದ್ರ ತೆರೆದಿದೆ. ಅದರ 787 ವಿಮಾನದ ತೂಕದಲ್ಲಿ ಅರ್ಧ ಪಾಲು ಸಂಯೋಜಿತ ವಸ್ತು. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ಪದರ ಹಾಸುವುದು, ಪರೀಕ್ಷೆ ಮಾಡುವುದು, ದಾಖಲೆ ಇಡುವುದು ತೋಳ್ಬಲದ ಕೆಲಸಗಳಲ್ಲ, ತಾಳ್ಮೆ ಮತ್ತು ಕಣ್ಣಿನ ಕೆಲಸಗಳು. ಕಸೂತಿ ಬಲ್ಲವರಿಗೆ ನಾರಿನ ದಿಕ್ಕು ಎಂದರೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಭೆಯ ಕೊನೆಯಲ್ಲಿ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಹಳೆಯದಾದ ಮೇಲೆ ಇದನ್ನು ಏನು ಮಾಡುತ್ತಾರೆ ಎಂದು ಆಕೆ ಕೇಳಿದಳು. ಉಕ್ಕನ್ನು ಗುಜರಿಗೆ ಹಾಕಿದರೆ ಕರಗಿ ಮತ್ತೆ ಉಕ್ಕಾಗುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿ, ಪಾಲಿಯೆಸ್ಟರ್ ರೆಸಿನ್ ಮತ್ತೆ ಕರಗುವುದಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳು ಗಾಜುನಾರಿನವು. ಅವು ಮುಪ್ಪಾದಾಗ ಕತ್ತರಿಸಿ ನೆಲದಲ್ಲಿ ಹೂಳುವುದು ಹಲವು ದೇಶಗಳಲ್ಲಿ ನಡೆದಿದೆ. ಪುಡಿ ಮಾಡಿ ಸಿಮೆಂಟ್ ಗೂಡಿನಲ್ಲಿ ಉರಿಸುವುದು ಇನ್ನೊಂದು ದಾರಿ. ರೆಸಿನ್ ಇಂಧನವಾಗುತ್ತದೆ, ಗಾಜು ಸಿಮೆಂಟಿನಲ್ಲಿ ಸೇರುತ್ತದೆ. ಕಾರ್ಬನ್ ನಾರು ದುಬಾರಿಯಾದ್ದರಿಂದ ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ ರೆಸಿನ್ ಓಡಿಸಿ ನಾರನ್ನು ಬಿಡಿಸಿಕೊಳ್ಳುತ್ತಾರೆ, ಆದರೆ ಅದು ತುಂಡು ನಾರು, ಮೊದಲಿನ ಉದ್ದ ಇರುವುದಿಲ್ಲ. ಬಿಸಿ ಮಾಡಿದರೆ ಮೆದುವಾಗುವ, ಮತ್ತೆ ಅಚ್ಚು ಹಾಕಬಹುದಾದ ಥರ್ಮೋಪ್ಲಾಸ್ಟಿಕ್ ಮ್ಯಾಟ್ರಿಕ್ಸುಗಳ ಮೇಲೆ ಈಗ ಕೆಲಸ ನಡೆಯುತ್ತಿದೆ. ಗಾಳಿಯಂತ್ರದ ರೆಕ್ಕೆಗೆ ಅವನ್ನು ಪ್ರಯೋಗವಾಗಿ ಬಳಸಿಯೂ ನೋಡಿದ್ದಾರೆ.